ಸುದ್ದಿ ಬಂದರೂ ಎಚ್ಚರಗೊಳ್ಳದ ಕೋಶ

ಚಳಿಗಾಲ ಮುಗಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆ ಸೊಪ್ಪಿನ ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಗುಡಿಸುವವರಿಗೆ ಉಣುಗಿನ (ಉಣ್ಣೆಯ) ಭಯ. ಮರಿ ಉಣುಗು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕೆಲವು ದಿನಗಳಲ್ಲಿ ಏಕಾಏಕಿ ಜ್ವರ, ತಲೆಸಿಡಿತ, ಏಳಲಾಗದಂಥ ಮೈಕೈ ನೋವು: ಮಂಗನ ಕಾಯಿಲೆ.

ವೈರಸ್ ಜ್ವರಗಳ ಈ ನೋವಿನಲ್ಲಿ ನಮ್ಮ ದೇಹದ ಕೈವಾಡವೂ ಇದೆ. ಸೋಂಕು ತಗುಲಿದ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಹೆಪಟೈಟಿಸ್ ರೋಗಿಗಳಿಗೆ ಇದನ್ನೇ ಚುಚ್ಚುಮದ್ದಾಗಿ ಕೊಟ್ಟಾಗ ಫ್ಲೂ ಬಂದಂತೆ ಜ್ವರ, ಮೈನೋವು ಕಾಣಿಸಿಕೊಳ್ಳುತ್ತಿತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನ್ ಕಂಡುಕೊಂಡದ್ದೂ ಅದೇ ವರ್ಷ. ಬರೀ ಕಾಕತಾಳೀಯ, ಆದರೂ ಹೇಳದಿರಲಾಗಲಿಲ್ಲ.

ಕೋಶದ ಮೇಲ್ಮೈಯಲ್ಲಿದ್ದು ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನಾದ ಗ್ರಾಹಕವನ್ನು ಬೀಗಕ್ಕೂ ಸಂಕೇತ ಪ್ರೋಟೀನನ್ನು ಕೀಲಿಗೂ ಹೋಲಿಸುವುದು ರೂಢಿ. ಇಲ್ಲಿ ಆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ ಬೀಗವೇ ಎರಡು ತುಂಡು. ಇಂಟರ್‌ಫೆರಾನ್ ಒಂದು ತುಂಡನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದನ್ನು ಸಡಿಲವಾಗಿ. ಹೀಗೆ ಎರಡನ್ನೂ ಹತ್ತಿರಕ್ಕೆ ತರುತ್ತದೆ. ತಾನು ಒಳಗೆ ಹೋಗಿ ಸುದ್ದಿ ಮುಟ್ಟಿಸಬೇಕಾಗಿಲ್ಲ. ಪೊರೆಯ ಒಳಬದಿಯಲ್ಲಿ ಈ ತುಂಡುಗಳಿಗೆ ಅಂಟಿಕೊಂಡಿರುವ ಜಾಕ್ ಗುಂಪಿನ ಕಿಣ್ವಗಳು ಒಂದಕ್ಕೊಂದು ಸಮೀಪವಾದದ್ದೇ ಚುರುಕಾಗಿ, ಗ್ರಾಹಕದ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತವೆ. ಆ ಗುರುತು ಹಿಡಿದು ಸ್ಟಾಟ್ ಪ್ರೋಟೀನುಗಳು ಬಂದು ಕೂರುತ್ತವೆ, ತಾವೂ ಫಾಸ್ಫೇಟ್ ಪಡೆದು ಜೋಡಿಯಾಗುತ್ತವೆ, ಕೋಶಕೇಂದ್ರ ಹೊಕ್ಕು ನೂರಾರು ವಂಶವಾಹಿಗಳನ್ನು ಎಬ್ಬಿಸುತ್ತವೆ. ಇಷ್ಟಕ್ಕೂ ಹಿಡಿಯುವುದು ಕೆಲವು ನಿಮಿಷ. ಆಮೇಲೆ ಎಬ್ಬಿಸಿದ್ದನ್ನು ತಣಿಸುವ ಪ್ರೋಟೀನುಗಳೂ ತಯಾರಾಗುತ್ತವೆ. ಅದು ಬೇರೆಯದೇ ಕಥೆ.

ಮಂಗನ ಕಾಯಿಲೆಯ ವೈರಸ್ ಕೈಯಿಕ್ಕುವುದು ಈ ಸರಪಳಿಗೇ. ತನ್ನ ಆರ್‌ಎನ್‌ಎ ನಕಲು ಮಾಡಿಕೊಳ್ಳಲು ಬೇಕಾದ ಎನ್‌ಎಸ್5 ಎಂಬ ಪ್ರೋಟೀನನ್ನೇ ಅದು ಸರಪಳಿಗೆ ಅಡ್ಡಗಾಲು ಹಾಕುವ ಕೆಲಸಕ್ಕೂ ಹಚ್ಚುತ್ತದೆ. ಇಂಟರ್‌ಫೆರಾನ್ ಹೊರಗೆ ಬಂದು ಮುಟ್ಟಿದರೂ ಒಳಗೆ ಸುದ್ದಿ ದಾಟುವುದಿಲ್ಲ. ಉಣುಗಿನಿಂದ ಹರಡುವ ಇದರ ಸೋದರ ವೈರಸ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ: ಗ್ರಾಹಕದ ಒಂದು ತುಂಡು ಕೋಶದ ಮೇಲ್ಮೈಗೆ ಬಾರದಂತೆಯೇ ತಡೆಯುತ್ತವೆ.

ಹಾಗಿದ್ದರೆ ಇಂಟರ್‌ಫೆರಾನನ್ನೇ ಮದ್ದಾಗಿ ಕೊಡಬಾರದೇ? ಪ್ರಯೋಗಾಲಯದಲ್ಲಿ ಕೋಶಗಳ ಮೇಲೆ ಅದನ್ನು ಸುರಿದು ನೋಡಿದ್ದಾರೆ. ಈ ವೈರಸ್ ಹೆಚ್ಚೇನೂ ಜಗ್ಗಲಿಲ್ಲ. ಕೇಳಿಸಿಕೊಳ್ಳುವ ದಾರಿಯೇ ಕಟ್ಟಿರುವಾಗ ಕೂಗು ಜೋರು ಮಾಡಿ ಏನು ಪ್ರಯೋಜನ? ಸದ್ಯಕ್ಕೆ ರೋಗಿಗೆ ಸಿಗುವುದು ಲಕ್ಷಣಗಳಿಗೆ ತಕ್ಕ ಆರೈಕೆ. ಬೆಟ್ಟಕ್ಕೆ ಹೊರಡುವವರು ಉಣುಗನ್ನು ದೂರವಿಡಲು ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಬೇಕು.