ಕೇಬಲ್ ಸ್ಟೇಡ್ ಸೇತುವೆ ಅಂದ್ರೇನು? ಬಂದರಿನ ಹಳೇ ಸೇತುವೆ ಜಾಗಕ್ಕೆ ಇದೇ ಯಾಕೆ ಬರುತ್ತೆ?

ಎತ್ತರದ ಕಂಬ, ಅದರ ಮೇಲಿಂದ ಓರೆಯಾಗಿ ಇಳಿದು ಬಂದು ರಸ್ತೇನ ನೇರವಾಗಿ ಹಿಡ್ಕೊಂಡಿರೋ ಕೇಬಲ್‌ಗಳು, ಇದ್ದರೆ ಅದು ಕೇಬಲ್ ಸ್ಟೇಡ್ ಸೇತುವೆ. ಬೆಂಗಳೂರಿನ ಕೆ.ಆರ್. ಪುರಂ ಹತ್ರ ರೈಲು ಹಳಿ ಮೇಲೆ ಇರೋದು ಇದೇ ಜಾತಿ, ಎಲ್ರೂ ಹ್ಯಾಂಗಿಂಗ್ ಬ್ರಿಡ್ಜ್ ಅಂತೀವಿ ಅಷ್ಟೇ. ನಿಜವಾದ ತೂಗುಸೇತುವೇಲಿ ದಪ್ಪ ಮೇನ್ ಕೇಬಲ್ ಕಂಬದಿಂದ ಕಂಬಕ್ಕೆ ಜೋತುಬಿದ್ದಿರುತ್ತೆ, ಅದರಿಂದ ಸಣ್ಣ ಕೇಬಲ್ ಇಳಿಬಿಟ್ಟು ರಸ್ತೆ ನೇತುಹಾಕಿರ್ತಾರೆ, ಮೇನ್ ಕೇಬಲ್‌ನ ತುದಿಗಳನ್ನ ದಡದಲ್ಲಿ ಭಾರಿ ಕಾಂಕ್ರೀಟ್ ದಿಮ್ಮಿಗೆ ಬಿಗೀಬೇಕು. ಕೇಬಲ್ ಸ್ಟೇಡ್‌ಗೆ ಆ ದಿಮ್ಮಿ ಬೇಡ, ಕಂಬದ ಎರಡೂ ಕಡೆ ಭಾರ ತಕ್ಕಡಿ ಥರ ಸರಿದೂಗಿರುತ್ತೆ.

ಬಂದರಿಗೆ ಇದು ಯಾಕೆ ಒಗ್ಗುತ್ತೆ ಅನ್ನೋಕೆ ಅಮೆರಿಕದ ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿ ನೋಡಿ. ಅಲ್ಲಿನ ಹಳೇ ಹಾರ್ಬರ್ ಬ್ರಿಡ್ಜ್ 1959ರದ್ದು, ಉಕ್ಕಿನದ್ದು, ಸಮುದ್ರದ ಉಪ್ಪು ಗಾಳಿಗೆ ತುಕ್ಕು ಹಿಡಿಯೋದು ಇದ್ದೇ ಇತ್ತು, ಆದ್ರೆ ಅದಕ್ಕಿಂತ ದೊಡ್ಡ ತಲೆನೋವು ಎತ್ತರ. ನೀರಿಂದ ಸೇತುವೆ ತಳಕ್ಕೆ 138 ಅಡಿ ಅಷ್ಟೇ ಇತ್ತು, ಅಮೆರಿಕದ ಕಚ್ಚಾ ತೈಲ ರಫ್ತಿನ ದೊಡ್ಡ ಬಂದರು ಅದು, ಹಡಗುಗಳು ಎತ್ತರ ಆಗ್ತಾ ಹೋದ್ವು ಸೇತುವೆ ಮಾತ್ರ ಇದ್ದಲ್ಲೇ ಇತ್ತು. ಅದರ ಬದಲಿಗೆ ಕಟ್ಟಿದ ಹೊಸ ಕೇಬಲ್ ಸ್ಟೇಡ್ ಸೇತುವೇಲಿ 205 ಅಡಿ ಜಾಗ ಇದೆ, ಎರಡು ಕಂಬದ ನಡುವೆ 1,661 ಅಡಿ, ಹಾಗಾಗಿ ಕಂಬಗಳು ಹಡಗಿನ ದಾರಿಯಿಂದ ಪೂರ್ತಿ ಹೊರಗೆ.

ನಂಗೆ ತುಂಬಾ ಇಷ್ಟ ಆಗೋದು ಇದನ್ನ ಕಟ್ಟೋ ರೀತಿ. ಮೊದಲು ಕಂಬ ಏಳುತ್ತೆ, ಆಮೇಲೆ ಅದರ ಎರಡೂ ಬದಿಗೆ ರಸ್ತೆಯ ಒಂದೊಂದು ತುಂಡು ಜೋಡಿಸಿ ಕೇಬಲ್ ಬಿಗಿದು, ಮುಂದಿನ ತುಂಡು, ಮತ್ತೆ ಕೇಬಲ್, ಹೀಗೇ ಮುಂದೆ ಹೋಗಿ ಎರಡೂ ಕಡೆಯಿಂದ ಬಂದದ್ದು ನಡುವೆ ಕೂಡುತ್ತೆ. ಕೆಳಗೆ ನೀರಲ್ಲಿ ಆಧಾರ ನಿಲ್ಲಿಸಬೇಕಾಗಿಲ್ಲ, ಹಡಗು ತನ್ನ ಪಾಡಿಗೆ ಓಡಾಡ್ತಿರುತ್ತೆ.

ಕೆಲಸ ಸಲೀಸಲ್ಲ. ಕಾರ್ಪಸ್ ಕ್ರಿಸ್ಟಿಯ ಹೊಸ ಸೇತುವೆ ಕೆಲಸ 2016ರಲ್ಲಿ ಶುರುವಾದದ್ದನ್ನ 2022ರಲ್ಲಿ ಟೆಕ್ಸಾಸ್ ಸಾರಿಗೆ ಇಲಾಖೆ ಡಿಸೈನ್ ಸುರಕ್ಷತೆ ಪ್ರಶ್ನೆ ಎತ್ತಿ ತಡೀತು, ಸರಿಪಡಿಸಿ 2025ರ ಜೂನ್‌ನಲ್ಲಿ ಓಡಾಟಕ್ಕೆ ಬಿಟ್ರು. ತಡೆದಿದ್ದು ಸರೀನೇ, ಯಾಕಂದ್ರೆ ಇಲ್ಲಿ ಕಂಬ, ಕೇಬಲ್, ರಸ್ತೆ ಮೂರೂ ಒಂದರ ಭಾರ ಇನ್ನೊಂದಕ್ಕೆ ದಾಟಿಸ್ತಾವೆ, ಒಂದರ ಲೆಕ್ಕ ತಪ್ಪಿದ್ರೆ ಉಳಿದೆರಡಕ್ಕೂ ಏಟು ಬೀಳುತ್ತೆ.