ಮೊದಲ ಪ್ರೋಗ್ರಾಮಿಂಗ್ ಭಾಷೆ: ಡೈರಿ ಹಾಲಿನ ಲೆಕ್ಕವನ್ನು ನಾಲ್ಕು ಭಾಷೆಗಳಲ್ಲಿ ಮಾಡಿ ನೋಡೋಣ

ಪಿಯುಸಿ ಪರೀಕ್ಷೆ ಮುಗಿದು ಕೈಗೆ ಸ್ವಲ್ಪ ಬಿಡುವು ಸಿಕ್ಕ ಕೂಡಲೇ ಮಂಡ್ಯ, ಮೈಸೂರು ಕಡೆಯ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಒಂದೇ: “ಅಣ್ಣ, ಸಿ ಕಲೀಲಾ, ಪೈಥಾನ್ ಕಲೀಲಾ?” ಸಾಮಾನ್ಯವಾಗಿ ಸಿಗುವ ಉತ್ತರ, “ಯಾವುದಾದ್ರೂ ಕಲಿ, ಲಾಜಿಕ್ ಎಲ್ಲ ಒಂದೇ.” ಲಾಜಿಕ್ ಒಂದೇ ಅನ್ನುವುದು ನಿಜ. ಆದರೆ ಹೊಸದಾಗಿ ಕಲಿಯುವವರ ಹೊತ್ತೆಲ್ಲ ಹೋಗುವುದು ತಪ್ಪು ಹುಡುಕುವುದರಲ್ಲಿ. ತಪ್ಪಾದಾಗ ಒಂದೊಂದು ಭಾಷೆ ಒಂದೊಂದು ಥರ ನಡೆದುಕೊಳ್ಳುತ್ತದೆ. ಮೊದಲ ಭಾಷೆಯನ್ನು ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆ ನಡವಳಿಕೆಯನ್ನೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸಂಬಳ, ಡಿಮ್ಯಾಂಡ್ ಎಲ್ಲ ಆಮೇಲೆ.

ಒಂದು ಚಿಕ್ಕ ಲೆಕ್ಕ ಇಟ್ಟುಕೊಳ್ಳೋಣ. ಒಂದು ಮನೆಯವರು ಊರಿನ ಡೈರಿಗೆ ಬೆಳಿಗ್ಗೆ 6.5 ಲೀಟರ್, ಸಂಜೆ 4 ಲೀಟರ್ ಹಾಲು ಹಾಕುತ್ತಾರೆ. ಲೀಟರಿಗೆ 35 ರೂಪಾಯಿ ಅಂದುಕೊಳ್ಳಿ. (ಡೈರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ನೋಡಿ ದರ ಹಾಕುತ್ತಾರೆ, ಸದ್ಯಕ್ಕೆ ಅದು ಬೇಡ.) ಬರಬೇಕಾದ ದುಡ್ಡು 367 ರೂಪಾಯಿ 50 ಪೈಸೆ. ಪೈಥಾನ್‌ನಲ್ಲಿ ಇದನ್ನು ಹೀಗೆ ಬರೆಯಬಹುದು:

ಬೆಳಿಗ್ಗೆ = 6.5
ಸಂಜೆ = 4
ದರ = 35
ದುಡ್ಡು = (ಬೆಳಿಗ್ಗೆ + ಸಂಜೆ) * ದರ
ದುಡ್ಡು

ಕನ್ನಡದಲ್ಲಿ ಬರೆದು ತೋರಿಸಿದ ಮಾದರಿ ಇದಲ್ಲ, ನಿಜವಾಗಿ ಓಡುವ ಕೋಡ್. ಪೈಥಾನ್ 3ರ ಶೆಲ್ (ಒಂದೊಂದೇ ಸಾಲು ಟೈಪ್ ಮಾಡಿ ಓಡಿಸುವ ಕಿಟಕಿ) ತೆರೆದು ಹೀಗೇ ಟೈಪ್ ಮಾಡಿದರೆ 367.5 ಎಂದು ಬರುತ್ತದೆ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ, ಕನ್ಸೋಲ್‌ನಲ್ಲಿ ಇದೇ ಸಾಲುಗಳನ್ನು ಟೈಪ್ ಮಾಡಿ, ಅಲ್ಲೂ ಅದೇ ಉತ್ತರ. ಅಲ್ಲಿ ಓಡಿದ್ದು ಜಾವಾಸ್ಕ್ರಿಪ್ಟ್. ಬೆಳಿಗ್ಗೆ, ದರ ಇಂಥ ವೇರಿಯಬಲ್ ಹೆಸರು ಕನ್ನಡದಲ್ಲಿರಬಹುದು, ಇಫ್, ಫಾರ್, ವೈಲ್‌ನಂಥ ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲ ಕೆಲವು ವಾರ ಹೀಗೇ ಬರೆದು ಅಭ್ಯಾಸ ಮಾಡಿದರೆ ಭಯ ಎಷ್ಟೋ ಕಡಿಮೆಯಾಗುತ್ತದೆ.

ಸರಿಯಾಗಿ ಬರೆದಾಗ ಭಾಷೆಗಳ ನಡುವೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಇನ್ನು ತಪ್ಪು ಮಾಡಿ ನೋಡೋಣ.

ಮೊದಲು ಸಿ. ಬೆಳಗಿನ ಹಾಲನ್ನು ಇಂಟ್ (ಪೂರ್ಣ ಸಂಖ್ಯೆ) ಎಂದು ಘೋಷಿಸಿ ಅದಕ್ಕೆ 6.5 ಕೊಟ್ಟರೆ ಸಿ ಅದನ್ನು 6 ಎಂದೇ ಇಟ್ಟುಕೊಳ್ಳುತ್ತದೆ. ಸಿ ಕೋಡನ್ನು ಓಡುವ ಪ್ರೋಗ್ರಾಮ್ ಮಾಡಿಕೊಡುವ ಜಿಸಿಸಿ ಕಂಪೈಲರ್ ತಾನಾಗಿ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅರ್ಧ ಲೀಟರ್ ಹೋಯಿತು, ಹದಿನೇಳೂವರೆ ರೂಪಾಯಿ ಹೋಯಿತು, ಪ್ರೋಗ್ರಾಮ್ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಕೀಬೋರ್ಡಿನಿಂದ ಸ್ಕ್ಯಾನ್‌ಎಫ್ ಬಳಸಿ ಇಂಟ್ ಆಗಿ ಓದಿಸಿದರೆ ಇನ್ನೂ ಕಷ್ಟ. 6.5 ಟೈಪ್ ಮಾಡಿದಾಗ ಅದು 6 ತೆಗೆದುಕೊಂಡು ಉಳಿದ .5 ಅನ್ನು ಅಲ್ಲೇ ಬಿಡುತ್ತದೆ. ಸಂಜೆಯ ಹಾಲು ಓದಲು ಬಂದ ಎರಡನೆಯ ಸ್ಕ್ಯಾನ್‌ಎಫ್ ಆ ಚುಕ್ಕಿಯ ಮುಂದೆ ನಿಂತುಬಿಡುತ್ತದೆ, ಸಂಜೆಯ ಲೆಕ್ಕದಲ್ಲಿ ಯಾವುದೋ ಹಳೇ ಸಂಖ್ಯೆ ಉಳಿಯುತ್ತದೆ. ಸಂಜೆಯ ಉತ್ತರ ಕೆಟ್ಟಿದೆ, ತಪ್ಪು ಇರುವುದು ಬೆಳಗಿನ ಸಾಲಿನಲ್ಲಿ. ಹೊಸಬರು ಗಂಟೆಗಟ್ಟಲೆ ಸಂಜೆಯ ಸಾಲನ್ನೇ ತಿದ್ದುತ್ತಾ ಕೂರುತ್ತಾರೆ. ಲ್ಯಾಬಿನಲ್ಲಿ ನೀಲಿ ಪರದೆಯ ಹಳೇ ಟರ್ಬೊ ಸಿ ಇದ್ದರೆ ಮತ್ತೊಂದು ತೊಂದರೆ ಇದೆ. ಅಲ್ಲಿ ಇಂಟ್ ಎಂದರೆ 16 ಬಿಟ್, 32767 ದಾಟುವಂತಿಲ್ಲ. ಒಂದು ದಿನದಲ್ಲಿ ಡೈರಿಗೆ 1000 ಲೀಟರ್ ಬಂತೆಂದು ಅದನ್ನು 35ರಿಂದ ಗುಣಿಸಿದರೆ ಉತ್ತರ ಮೈನಸ್ 30536! ಇಂದಿನ ಜಿಸಿಸಿಯಲ್ಲಿ ಇಂಟ್ 32 ಬಿಟ್ ಇರುವುದರಿಂದ 35000 ಸರಿಯಾಗಿಯೇ ಬರುತ್ತದೆ.

ಹಾಗಂತ ಸಿ ಕೆಟ್ಟ ಭಾಷೆಯಲ್ಲ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಅದನ್ನು ಕಟ್ಟಿದ್ದು ಯೂನಿಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್ ಬರೆಯಲು. ಮೆಮೊರಿ ತೀರಾ ಕಡಿಮೆ ಇದ್ದ ಕಾಲ ಅದು. ಬರೆಯುವವನಿಗೆ ತಾನೇನು ಮಾಡುತ್ತಿದ್ದೇನೆ ಅನ್ನುವುದು ಗೊತ್ತಿದೆ ಎಂದು ನಂಬಿ ಮಾಡಿದ ಭಾಷೆ. ಕಲಿಯುವವರಿಗೆ ಅದು ಗೊತ್ತಿರುವುದಿಲ್ಲ, ತೊಡಕು ಇಷ್ಟೇ.

ಜಾವಾಸ್ಕ್ರಿಪ್ಟ್ ತೊಡಕು ಬೇರೆ. ಪುಟದಲ್ಲಿ ಬಳಕೆದಾರರು ತುಂಬಿದ್ದೆಲ್ಲ ಸ್ಟ್ರಿಂಗ್ ಆಗಿ ಬರುತ್ತದೆ, ಅಂದರೆ ಸಂಖ್ಯೆಯಾಗಿ ಅಲ್ಲ, ಬರಹವಾಗಿ. “6.5” ಮತ್ತು “4” ಎರಡನ್ನೂ ಕೂಡಿಸಿದರೆ “6.54” ಆಗುತ್ತದೆ. ಅದನ್ನು 35ರಿಂದ ಗುಣಿಸುವಾಗ ಜಾವಾಸ್ಕ್ರಿಪ್ಟ್ ತಾನೇ ಅದನ್ನು ಸಂಖ್ಯೆ ಮಾಡಿಕೊಂಡು ಸುಮಾರು 228.9 ಎಂದು ಉತ್ತರ ಕೊಡುತ್ತದೆ. 367.5 ಬರಬೇಕಿತ್ತು. ಆದರೂ 228.9 ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಹಾಲಿನ ದುಡ್ಡಿನ ಹಾಗೇ ಇದೆ. ಪೈಥಾನ್‌ನಲ್ಲೂ ಇನ್‌ಪುಟ್ ಕೊಡುವುದು ಸ್ಟ್ರಿಂಗನ್ನೇ, ಕೂಡಿಸಿದರೆ ಅಲ್ಲೂ “6.54” ಬರುತ್ತದೆ. ಅದು ಕೂಡ ಅಲ್ಲಿ ನಿಲ್ಲುವುದಿಲ್ಲ. ಆದರೆ 35ರಿಂದ ಗುಣಿಸಿದಾಗ ಆ ಸ್ಟ್ರಿಂಗನ್ನೇ ಮೂವತ್ತೈದು ಸಲ ಜೋಡಿಸಿ ಪರದೆ ತುಂಬ ಉದ್ದದ ಸಾಲು ಹರಡುತ್ತದೆ. ಏನೋ ಕೆಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಅದನ್ನು ಇಂಟ್ ಮಾಡಲು ಹೋದರೆ ಪೈಥಾನ್ ವ್ಯಾಲ್ಯೂ ಎರರ್ ಎಂದು ನಿಂತು ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ಫ್ಲೋಟ್ (ದಶಮಾಂಶ ಸಂಖ್ಯೆ) ಬೇಕಿತ್ತು ಅನ್ನುವುದು ಆಗ ಹೊಳೆಯುತ್ತದೆ.

1995ರಲ್ಲಿ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಸಿದ್ಧಪಡಿಸಿದರು. ವೆಬ್ ಪುಟ ಮಾಡುವ ಸಾಮಾನ್ಯರಿಗಾಗಿ ಮಾಡಿದ ಭಾಷೆ, ಆದಷ್ಟು ನಿಲ್ಲದೆ ಮುಂದೆ ಸಾಗುತ್ತದೆ. ಪೈಥಾನ್‌ನ ಗಿಡೋ ವಾನ್ ರೋಸಮ್ ಅದಕ್ಕೂ ಮುಂಚೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಹೊಸಬರಿಗೆ ಕಲಿಸಲೆಂದೇ ಮಾಡಿದ ಎಬಿಸಿ ಎಂಬ ಭಾಷೆಯ ಮೇಲೆ ಕೆಲಸ ಮಾಡಿದ್ದರು. 1991ರಲ್ಲಿ ಬಿಡುಗಡೆಯಾದ ಪೈಥಾನ್‌ನಲ್ಲಿ ಆ ಗುಣ ಉಳಿದುಕೊಂಡಿದೆ.

ತಪ್ಪು ಹಿಡಿಯುವುದರಲ್ಲಿ ಜಾವಾ ಎಲ್ಲರಿಗಿಂತ ಕಟ್ಟುನಿಟ್ಟು. ಇಂಟ್‌ಗೆ 6.5 ಕೊಟ್ಟರೆ ಪ್ರೋಗ್ರಾಮ್ ಓಡುವ ಮೊದಲೇ ಕಂಪೈಲರ್ ತಡೆಯುತ್ತದೆ. ಆದರೂ ಮೊದಲ ಭಾಷೆಯಾಗಿ ನಾನು ಅದನ್ನು ಹೇಳುವುದಿಲ್ಲ. ಒಂದು ಸಾಲು ಪ್ರಿಂಟ್ ಮಾಡಲು ಕ್ಲಾಸ್, ಪಬ್ಲಿಕ್, ಸ್ಟ್ಯಾಟಿಕ್, ವಾಯ್ಡ್, ಮೇನ್ ಎಲ್ಲವನ್ನೂ ಅರ್ಥವಾಗದೆಯೇ ಉರು ಹೊಡೆಯಬೇಕು. 2025ರ ಜಾವಾ 25 ಇದನ್ನು ಬಹಳ ಇಳಿಸಿದೆ. ಕಾಲೇಜಿನ ಮ್ಯಾನುಯಲ್‌ಗಳಿಗೆ ಅದು ಬರುವುದು ತಡವಾದೀತು.

ಕನ್ನಡ ಅಂಕಿಗಳನ್ನೂ ಒಮ್ಮೆ ಪರೀಕ್ಷಿಸಿ ನೋಡಿ. “೩೫” ಎಂಬ ಸ್ಟ್ರಿಂಗನ್ನು ಪೈಥಾನ್‌ನ ಇಂಟ್‌ಗೆ ಕೊಟ್ಟರೆ 35 ಸಿಗುತ್ತದೆ. ಜಾವಾದ ಪಾರ್ಸ್‌ಇಂಟ್ ಕೂಡ 35 ಅನ್ನುತ್ತದೆ. ಜಾವಾಸ್ಕ್ರಿಪ್ಟ್‌ನ ನಂಬರ್ ಇದು ಸಂಖ್ಯೆಯಲ್ಲ ಎಂದು ನ್ಯಾನ್ ಕೊಡುತ್ತದೆ. ಸಿಯ ಎಟೊಐ ಸದ್ದಿಲ್ಲದೆ 0 ಕೊಡುತ್ತದೆ. “ಮಂಡ್ಯ” ಪದದ ಉದ್ದ ಕೇಳಿದರೆ ಪೈಥಾನ್, ಜಾವಾಸ್ಕ್ರಿಪ್ಟ್ ಎರಡೂ 5 ಅನ್ನುತ್ತವೆ, ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಸಿಯ ಸ್ಟ್ರ್‌ಲೆನ್ 15 ಅನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಮ, ಸೊನ್ನೆ, ಡ, ವಿರಾಮ (ಒತ್ತಕ್ಷರ ಮಾಡುವ ಗುರುತು), ಯ ಹೀಗೆ ಐದು ಯೂನಿಕೋಡ್ ಸಂಕೇತಗಳು, ಒಂದೊಂದಕ್ಕೆ ಮೂರು ಬೈಟ್. ಮುಂದೆ ಕನ್ನಡ ಆ್ಯಪ್ ಮಾಡುವ ಆಸೆ ಇದ್ದವರು ಇದನ್ನು ಗುರುತು ಹಾಕಿಕೊಳ್ಳಿ.

ಹಾಗಾದರೆ ಯಾವುದು? ಎಲ್ಲಿಂದಲೂ ಒತ್ತಡ ಇಲ್ಲದಿದ್ದರೆ ಪೈಥಾನ್. ಲ್ಯಾಪ್‌ಟಾಪ್ ಇಲ್ಲದೆ ಬರೀ ಫೋನ್ ಇದ್ದರೂ ಪೈಥಾನೇ. ಗೂಗಲ್ ಕೊಲಾಬ್ ಫೋನಿನ ಬ್ರೌಸರ್‌ನಲ್ಲೇ ತೆರೆಯುತ್ತದೆ, ಆಂಡ್ರಾಯ್ಡ್‌ಗೆ ಪೈಡ್ರಾಯ್ಡ್ 3 ಕೂಡ ಇದೆ. ವೆಬ್ ಪುಟ ಮಾಡಿ ಮನೆಯವರಿಗೆ ತೋರಿಸುವ ಹುಮ್ಮಸ್ಸೇ ನಿಮ್ಮನ್ನು ಎಳೆಯುತ್ತಿದ್ದರೆ ಜಾವಾಸ್ಕ್ರಿಪ್ಟ್ ಹಿಡಿಯಿರಿ, ಹುಮ್ಮಸ್ಸು ದೊಡ್ಡದು. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಸಿ ಇರುವವರು (ವಿಟಿಯು 2022ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್ ಕಡೆಯವರಿಗೆ ಇತ್ತು, ನಿಮ್ಮ ಬ್ಯಾಚಿನ ಸಿಲಬಸ್ ನೋಡಿಕೊಳ್ಳಿ) ಸಿ ಬಿಟ್ಟು ಓಡಬೇಡಿ. ರಜೆಯಲ್ಲಿ ಪೈಥಾನ್‌ನಲ್ಲಿ ಲೂಪ್, ಫಂಕ್ಷನ್ ಅರ್ಥ ಮಾಡಿಕೊಂಡು ಹೋದರೆ ಲ್ಯಾಬಿನಲ್ಲಿ ಸಿ ಎಷ್ಟೋ ಸಲೀಸು. ಕಂಪನಿ ಸೇರಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಂಥ ಕಡೆ ಟ್ರೈನಿಂಗಿಗೆ ಹೋದರೆ ಬೇಕಾದ ಭಾಷೆಯನ್ನು ಅಲ್ಲೇ ಕಲಿಸುತ್ತಾರೆ, ಆ ಚಿಂತೆ ಈಗ ಬೇಡ.

ಪೈಥಾನ್ ಹಿಡಿದವರು ಎರರ್ ಮೆಸೇಜನ್ನು ಕೊನೆಯ ಸಾಲಿನಿಂದ ಓದಿ. ನೇಮ್ ಎರರ್ ಬಂದರೆ ಹೆಸರಿನ ಕಾಗುಣಿತ ನೋಡಿ, ಬಹುತೇಕ ಅಲ್ಲೇ ಇರುತ್ತದೆ. ಟೈಪ್ ಎರರ್ ಅಂದರೆ ಸಂಖ್ಯೆ, ಸ್ಟ್ರಿಂಗ್ ಕಲಸಿಹೋಗಿವೆ. ಇಂಡೆಂಟೇಶನ್ ಎರರ್ ಅಂದರೆ ಸಾಲಿನ ಶುರುವಿನ ಖಾಲಿ ಜಾಗ ಹೆಚ್ಚುಕಡಿಮೆಯಾಗಿದೆ. ಇಂಡೆಕ್ಸ್ ಎರರ್ ಬಂದರೆ ಏಳು ದಿನದ ಪಟ್ಟಿಯಲ್ಲಿ ಎಂಟನೆಯದನ್ನು ಕೇಳಿದ್ದೀರಿ, ಎಣಿಕೆ 0ಯಿಂದ ಶುರು. ಈ ನಾಲ್ಕು ಹೆಸರನ್ನು ನಿಮ್ಮದೇ ಮಾತಿನಲ್ಲಿ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಮುಂದಿನ ಅಭ್ಯಾಸ: ಏಳು ದಿನದ ಹಾಲನ್ನು ಲಿಸ್ಟ್‌ನಲ್ಲಿ ಇಟ್ಟು ವಾರದ ಬಟವಾಡೆ ತೆಗೆಯಿರಿ. ಆಮೇಲೆ ಫ್ಯಾಟ್ ಇಷ್ಟಿದ್ದರೆ ಇಷ್ಟು ದರ ಎಂದು ಇಫ್ ಸೇರಿಸಿ. ಕೊನೆಗೆ ಅದನ್ನು ಫೈಲಿಗೆ ಬರೆದು, ಮಾರನೆಯ ದಿನ ಓದಿಸಿ, ಹೊಸ ಸಾಲು ಸೇರಿಸಿ. ಈ ಮೂರನ್ನೂ ಪುಸ್ತಕ ನೋಡದೆ ಬರೆಯಲು ಬರುವ ತನಕ ಎರಡನೆಯ ಭಾಷೆಗೆ ಕೈ ಹಾಕಬೇಡಿ.