ಡಿಕ್ಕಿಯಲ್ಲಿ ನಿಂತ ನೀರು ಬಂದದ್ದು ಎಲ್ಲಿಂದ?

ಆರಿದ್ರಾ ಮಳೆ ಹಿಡಿದುಕೊಂಡಿತೆಂದರೆ ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಪ್ರತಿವರ್ಷ ಒಂದೇ ದೂರು ಹೊತ್ತ ಕಾರುಗಳು ಬರತೊಡಗುತ್ತವೆ. ಡಿಕ್ಕಿ ತೆರೆದರೆ ಮುಗ್ಗಲು ವಾಸನೆ, ಚಾಪೆ ಎತ್ತಿದರೆ ಸ್ಟೆಪ್ನಿಯ ಗುಂಡಿಯಲ್ಲಿ ನೀರು. ಗಾಡಿ ತಂದವರಲ್ಲಿ ಹೆಚ್ಚಿನವರು ಡಿಕ್ಕಿಯ ಬಾಯಿಯ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಹೋಗಿದೆಯೆಂದು ತಾವೇ ತೀರ್ಮಾನಿಸಿರುತ್ತಾರೆ. ಆದರೆ ಆ ಗುಂಡಿ ಡಿಕ್ಕಿಯ ಅತ್ಯಂತ ತಗ್ಗಿನ ಜಾಗವಾದುದರಿಂದ ಯಾವ ಸಂದಿಯಿಂದ ಬಂದ ನೀರೂ ಕೊನೆಗೆ ಇಳಿಯುವುದು ಅಲ್ಲಿಗೇ; ಅದು ಕಂಡ ಜಾಗದಿಂದ ಬಂದ ದಾರಿ ಗೊತ್ತಾಗುವುದಿಲ್ಲ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳುವುದು, ನೀರು ಸೇರುವುದು ಯಾವಾಗ ಎಂದು. ಅಂಗಳದಲ್ಲಿ ನಿಂತು ನೆನೆದಾಗಲೇ ಸೇರುವುದಾದರೆ ಟೇಲ್ ಲ್ಯಾಂಪಿನ ಗ್ಯಾಸ್ಕೆಟ್ (ನೀರು ತಡೆಯುವ ಮೆತ್ತೆ), ಆಂಟೆನಾದ ಬುಡ, ಮೇಲಿನ ಬ್ರೇಕ್ ಲೈಟು, ಚಾವಣಿಯ ಕಪ್ಪು ಪಟ್ಟಿಯ ಕೆಳಗಿನ ಬೆಸುಗೆ ಇವುಗಳ ಮೇಲೆ ಸಂಶಯ ಪಡಬೇಕು. ಒದ್ದೆ ರಸ್ತೆಯಲ್ಲಿ ಓಡಿದಾಗ ಮಾತ್ರ ಸೇರುವುದಾದರೆ ಅದು ಚಕ್ರ ಎರಚಿದ ನೀರು. ಬಂಪರಿನ ಹಿಂದೆ, ಒಳಗಿನ ಗಾಳಿ ಹೊರಹೋಗಲೆಂದು ಇಟ್ಟ ಕಿಂಡಿಗಳ ಸುತ್ತಲಿನ ಸೀಲನ್ನೋ ತಳದ ಸಂದುಗಳನ್ನೋ ನೋಡಬೇಕು. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಆದ ಗಾಡಿಯಾದರೆ ಮೊದಲು ಅಲ್ಲಿಗೇ ಕೈ ಹಾಕುತ್ತೇನೆ, ಏಕೆಂದರೆ ತಗಡು ನೇರ ಮಾಡಿ ಬಣ್ಣ ಹೊಡೆಯುವ ಭರದಲ್ಲಿ ಬೆಸುಗೆಯ ಸಂದಿ ಮುಚ್ಚುವ ಸೀಲರ್ ಮತ್ತೆ ಹಚ್ಚುವುದನ್ನು ಮರೆಯುವವರು ಬಹಳ. ಹ್ಯಾಚ್‌ಬ್ಯಾಕ್‌ನಲ್ಲಿ ಮಳೆಯಿಲ್ಲದ ದಿನವೂ ಒದ್ದೆಯಾಗಿ ಸೋಪಿನ ವಾಸನೆ ಬಂದರೆ, ಹಿಂಗಾಜಿನ ವಾಷರಿಗೆ ಹೋಗುವ ಸಣ್ಣ ಪೈಪು ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ಕಳಚಿರುತ್ತದೆ ಅಥವಾ ಸೀಳಿರುತ್ತದೆ.

ಗಾಡಿ ನಿಲ್ಲುವ ಇಳಿಜಾರನ್ನೂ ನಮ್ಮ ಕಡೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತೋಟದ ಮನೆಯ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಂತ ಕಾರಿನಲ್ಲಿ ನೀರು ಹಿಂದಕ್ಕೆ ಹರಿಯುತ್ತದೆ, ಮೂತಿ ಕೆಳಗಾದರೆ ಅದೇ ನೀರು ಹಿಂದಿನ ಸೀಟಿನ ಬುಡಕ್ಕೆ ನುಗ್ಗಿ ಬಾಗಿಲಿನ ಮೇಲೆ ಅಪವಾದ ಬರುವಂತೆ ಮಾಡುತ್ತದೆ. ಸಿಲ್ವರ್ ಓಕ್ ನೆರಳಿನಲ್ಲಿ ನಿಲ್ಲುವ ಗಾಡಿಗಳಲ್ಲಂತೂ ಡಿಕ್ಕಿಯ ಅಂಚಿನ ಕಾಲುವೆಯಲ್ಲಿ ಎಲೆ ಕೊಳೆತು ಕಟ್ಟಿಕೊಂಡು, ನೀರು ಅಂಚು ದಾಟಿ ಒಳಗೆ ಬೀಳುತ್ತದೆ. ಅದಕ್ಕೆ ಬೇಕಾದುದು ಒಂದು ಹಳೆಯ ಹಲ್ಲುಜ್ಜುವ ಬ್ರಶ್ ಮಾತ್ರ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ತಂದ ಸೆಡಾನಿಗೆ ಬೇರೊಂದು ಕಡೆ ಎರಡು ಸಲ ಬೀಡಿಂಗ್ ಬದಲಿಸಿ, ಅದೂ ಸಾಲದೆಂದು ಸುತ್ತಲೂ ಸಿಲಿಕೋನ್ ಮೆತ್ತಿದ್ದರು. ನಾನು ಬೀಡಿಂಗಿಗೆ ಸೀಮೆಸುಣ್ಣ ಉಜ್ಜಿ ಡಿಕ್ಕಿ ಮುಚ್ಚಿ ತೆರೆದಾಗ ಎದುರಿನ ಅಂಚಿನ ಮೇಲೆ ಬಿಳಿ ಗೆರೆ ಎಲ್ಲಿಯೂ ಕಡಿಯದೆ ಮೂಡಿತು, ಅಂದರೆ ರಬ್ಬರು ಸರಿಯಾಗಿಯೇ ಒತ್ತುತ್ತಿತ್ತು. ಬಳಿಕ ಒಳಗಿನ ಹೊದಿಕೆಗಳನ್ನು ಬಿಚ್ಚಿ, ತಗಡು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಹಿಂದಿನ ಸೀಟು ಮಡಚಿ ಹುಡುಗನೊಬ್ಬನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿದೆ. ಹೊರಗಿನಿಂದ ಸಾದಾ ಪೈಪಿನಲ್ಲಿ ಬಂಪರಿನಿಂದ ಆರಂಭಿಸಿ ನಿಧಾನವಾಗಿ ಮೇಲೇರುತ್ತ ನೀರು ಬಿಡಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲ ಸಂದಿಗಳೂ ಒಟ್ಟಿಗೆ ನೆನೆದು ಪತ್ತೆಯೇ ಕೆಡುತ್ತದೆ, ಸರ್ವೀಸ್ ಸ್ಟೇಷನ್ನಿನ ಜೆಟ್ ಹಿಡಿದರೆ ಒಳ್ಳೆಯ ರಬ್ಬರೂ ಸೋರಬಹುದು. ಎಡಗಡೆಯ ಟೇಲ್ ಲ್ಯಾಂಪಿನ ಮಟ್ಟಕ್ಕೆ ಬಂದಾಗ ಒಳಗಿನಿಂದ ಕೂಗು ಬಂತು: ಲ್ಯಾಂಪಿನ ಕೆಳಮೂಲೆಯಿಂದ ಒಂದು ಹನಿ ಇಳಿದು, ಪೌಡರಿನಲ್ಲಿ ಹುಳು ಹರಿದಂತಹ ಕಪ್ಪು ಗೀಟು ಎಳೆಯುತ್ತ ಗುಂಡಿ ಸೇರಿತ್ತು.

ಲ್ಯಾಂಪ್ ಬಿಚ್ಚಿದರೆ ಫೋಮ್ ಗ್ಯಾಸ್ಕೆಟ್ ಹಪ್ಪಳದಂತೆ ಚಪ್ಪಟೆಯಾಗಿತ್ತು. ಅದನ್ನು ಕಿತ್ತು ಬ್ಯುಟೈಲ್ ಎಂಬ ಅಂಟು ರಬ್ಬರಿನ ಟೇಪ್ ಸುತ್ತಿ ಲ್ಯಾಂಪ್ ಕೂರಿಸಿದೆವು. ಅದರ ನಟ್ಟುಗಳನ್ನು ಕೈಯಳತೆಯಲ್ಲಿ ಬಿಗಿದರೆ ಸಾಕು, ಬಲ ಹಾಕಿದರೆ ಪ್ಲಾಸ್ಟಿಕ್ ಸೀಳಿ ಹೊಸ ಸೋರಿಕೆ ಶುರುವಾಗುತ್ತದೆ. ನಮಗೆ ಹೆಚ್ಚು ಹೊತ್ತು ಹಿಡಿದದ್ದು ಹಳೆಯ ಸಿಲಿಕೋನ್ ಕೆರೆಯುವುದು. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಬಣ್ಣ ಕಿತ್ತ ಕಡೆಯೆಲ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಬೆಸುಗೆಯ ಸಂದಿಗೆ ಪಾಲಿಯುರೆಥೇನ್ ಸೀಮ್ ಸೀಲರ್ ಹಚ್ಚಬೇಕೇ ಹೊರತು ಅದನ್ನಲ್ಲ. ಗುಂಡಿಯ ತಳದ ರಬ್ಬರ್ ಬಿರಡೆಯನ್ನು ಕಿತ್ತು ಹಾಗೆಯೇ ಓಡಾಡುವುದೂ ಬೇಡ, ರಸ್ತೆಯ ಕೆಸರು ಕೆಳಗಿನಿಂದ ಒಳಬರುತ್ತದೆ.

ಒಣಗಿಸುವುದು ಮಲೆನಾಡಿನಲ್ಲಿ ಬೇರೆಯೇ ಕಷ್ಟ. ಚಾಪೆಯ ಕೆಳಗಿನ ಫೆಲ್ಟ್ (ದಪ್ಪ ನಾರಿನ ಹಾಸು) ಹೀರಿದ ನೀರು ಬಿಸಿಲಿಲ್ಲದೆ ವಾರವಾದರೂ ಆರುವುದಿಲ್ಲ. ಆ ಬೆಳೆಗಾರರು ಅದನ್ನು ಬಚ್ಚಲ ಒಲೆಯ ಮೇಲೆ ತೂಗುಹಾಕಿ ಒಣಗಿಸಿದರು, ಅವರ ಕಾರು ದೀಪಾವಳಿಯವರೆಗೂ ಹೊಗೆಯ ವಾಸನೆ ಹೊಡೆಯುತ್ತಿತ್ತು. ಫೆಲ್ಟನ್ನು ಕೂಡಲೇ ಹಾಸಲು ನಾನು ಹೇಳುವುದಿಲ್ಲ. ನಾಲ್ಕು ಜೋರು ಮಳೆ ಕಳೆಯುವವರೆಗೆ ಗುಂಡಿಯಲ್ಲಿ ಸ್ಟೆಪ್ನಿಯ ಬದಲು ಹಳೆಯ ಪತ್ರಿಕೆಯ ಹಾಳೆ ಹರಡಿಡಿ, ಎಲ್ಲಿ ಹನಿ ಬಿದ್ದರೂ ಕಲೆ ಅಲ್ಲೇ ಕಾಣುತ್ತದೆ.